ಹಳೇ ಜೀಪು, ಹೊಸ ಗೇರ್‌ಬಾಕ್ಸು, ತಂಗಿಯ ಎಡಗಾಲು

ಶುಕ್ರವಾರ ಬೆಳಿಗ್ಗೆ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ವರ್ಜೀನಿಯಾದ ಹರ್ನ್‌ಡನ್ನಿನ ನಮ್ಮ ಟೌನ್‌ಹೌಸ್ ಮುಂದೆ ತಂಗಿಯ ಜೀಪು ಬಂದು ನಿಂತ ಸದ್ದಿಗೆ ಎದುರು ಸಾಲಿನ ಕಿಟಕಿಗಳ ಪರದೆಗಳು ಒಂದೊಂದಾಗಿ ಸರಿದವು. ಆ ಜೀಪಿಗೂ ನನಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಇಬ್ಬರಿಗೂ ಬೆಳಗಿನ ಹೊತ್ತು ಕೆಮ್ಮು ಜಾಸ್ತಿ. ನಾನು ಹತ್ತಿ ಕೂತದ್ದೇ ನನ್ನ ಹೆಂಡತಿ ಲತಾ ಪುಳಿಯೋಗರೆಯ ಡಬ್ಬಿಯನ್ನೂ, ಹಳೇ ಟವಲ್ಲಿನಲ್ಲಿ ಸುತ್ತಿದ ಒಂದು ಭಾರವಾದ ಗಂಟನ್ನೂ ನನ್ನ ತೊಡೆಯ ಮೇಲಿಟ್ಟಳು.

"ರೀ, ಯಾರಾದ್ರೂ ಪೊಲೀಸ್‌ಗೆ ಕಾಲ್ ಮಾಡೋ ಮುಂಚೆ ಹೊರಡಿ. ಇದು ಕಮಲಾ ಆಂಟಿಯ ಇಡ್ಲಿ ಸ್ಟ್ಯಾಂಡು. ಮೈಸೂರಿಂದ ಹೊತ್ಕೊಂಡು ಬಂದಿದೀನಿ. ಒಂದು ಗೆರೆ ಬೀಳದ ಹಾಗೆ ಅವ್ರಿಗೆ ತಲುಪಿಸ್ಬೇಕು."

"ನಾನಿದೀನಲ್ಲ" ಎಂದೆ. ಆ ಮಾತನ್ನು ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ನಮ್ಮ ಪ್ರಯಾಣ ಜಾರ್ಜಿಯಾದ ಜಾನ್ಸ್ ಕ್ರೀಕಿಗೆ. ನೇರ ಹೋದರೆ ಆರುನೂರು ಮೈಲಿಗೆ ಸ್ವಲ್ಪ ಹೆಚ್ಚು. ವಿಮಾನದಲ್ಲಿ ಎರಡು ಗಂಟೆಯ ಹಾದಿ. ಆದರೆ ಜೀಪಿನ ಒಡತಿ, ನನ್ನ ತಂಗಿ ಶುಭಾ, ವಿಮಾನದ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ಎರಡು ಚಳಿಗಾಲದ ಹಿಂದೆ ರೆಸ್ಟನ್ನಿನ ತನ್ನ ಮನೆ ಮುಂದೆ, ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಎಡಗಾಲಿನ ಹರಡು ಪುಡಿ ಮಾಡಿಕೊಂಡಿದ್ದಳು. ಮೂಳೆ ಕೂಡಿತು, ಕೀಲು ಹಾಳಾಯಿತು. ಹೆಜ್ಜೆ ಇಟ್ಟರೆ ನೋವು, ಇಡದಿದ್ದರೂ ನೋವು. ಮೂರಂತಸ್ತಿನ ಮನೆಯ ಮೆಟ್ಟಿಲನ್ನು ಅವಳು ಕೂತುಕೊಂಡೇ ಒಂದೊಂದಾಗಿ ಇಳಿಯುವುದನ್ನು ಒಂದು ದಿನ ನೋಡಿ ನನಗೆ ಊಟ ಸೇರಿರಲಿಲ್ಲ.

ಅಟ್ಲಾಂಟಾದಲ್ಲಿ ಒಬ್ಬ ಸರ್ಜನ್ ಸೋಮವಾರ ಬೆಳಿಗ್ಗೆ ಆ ಕೀಲನ್ನು ಸ್ಕ್ರೂ ಹಾಕಿ ಬಿಗಿದುಬಿಡುವುದೆಂದು ನಿಶ್ಚಯವಾಗಿತ್ತು. ನೋವು ಹೋಗುತ್ತದೆ, ಆದರೆ ಪಾದ ಇನ್ನು ಜನ್ಮಪೂರ್ತಿ ಮಡಚುವುದಿಲ್ಲ. ಆಮೇಲಿನ ಆರೈಕೆಗೆ ಜಾನ್ಸ್ ಕ್ರೀಕಿನಲ್ಲಿ ಕಮಲಾ ಆಂಟಿ ಇದ್ದರು. ನಮ್ಮಮ್ಮನ ಗೆಳತಿ, ಎಪ್ಪತ್ತರ ದಶಕದಲ್ಲೇ ಇಲ್ಲಿಗೆ ಬಂದ ಡಾಕ್ಟರು, ಈಗ ನಿವೃತ್ತರು. ಅವರ ಮನೆಯಲ್ಲಿ ಮಲಗುವ ಕೋಣೆ ಕೆಳಗೇ ಇದೆ. ಎಲ್ಲವೂ ತೀರ್ಮಾನವಾಗಿದೆ ಎಂದು ನಾನು ನೆಮ್ಮದಿಯಾಗಿ ಸೀಟ್ ಬೆಲ್ಟ್ ಬಿಗಿದುಕೊಂಡೆ.

ಜೀಪಿನ ವಿಷಯ ಎರಡು ಮಾತು ಹೇಳಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಕಾಡಿನ ಹಾದಿಯಲ್ಲಿ ಜೀಪು ಹತ್ತಿಸುವುದು ಶುಭಾಗೆ ಹಳೇ ಹುಚ್ಚು. ಹಿಂದಿನ ವರ್ಷ ಅದರ ಗೇರ್‌ಬಾಕ್ಸಿನ ಹಲ್ಲುಗಳು ಉದುರಿದವು. ಆಟೋಮ್ಯಾಟಿಕ್ ಹಾಕಿಸು, ಎಡಗಾಲು ಬೇಕೇ ಆಗುವುದಿಲ್ಲ ಎಂದು ನಾನು, ಲತಾ, ಅವಳ ಆಫೀಸಿನವರು ಎಲ್ಲರೂ ಹೇಳಿದೆವು. "ಈ ದೇಶದಲ್ಲಿ ಎಡಗಾಲಿಗೆ ಮೊದಲೇ ಕೆಲಸ ಇಲ್ಲ ಅಣ್ಣ. ಇದೊಂದು ಇದೆ, ಅದನ್ನೂ ಕಿತ್ಕೋಬೇಡಿ" ಎಂದು, ಬೇರೆ ಯಾವುದೋ ವರ್ಷದ ಜೀಪಿನ ಮ್ಯಾನ್ಯುಅಲ್ ಗೇರ್‌ಬಾಕ್ಸ್ ಹುಡುಕಿ ತಂದಳು.

ತಂದದ್ದೇನೋ ಸರಿ, ಕ್ಲಚ್ಚು ಕೂಡಲಿಲ್ಲ. ಈ ಹಳೇ ಜೀಪಿನಲ್ಲಿ ಪೆಡಲ್ ಒತ್ತಿದರೆ ಅದು ಒಂದು ಅಡ್ಡದಂಡವನ್ನು ತಿರುಗಿಸುತ್ತದೆ. ದಂಡ ಒಂದು ಸರಳನ್ನು ಎಳೆಯುತ್ತದೆ, ಸರಳು ಗೇರ್‌ಬಾಕ್ಸಿನ ಪಕ್ಕದಿಂದ ಚಾಚಿಕೊಂಡ ಕಬ್ಬಿಣದ ನಾಲಿಗೆಯನ್ನು ಎಳೆಯುತ್ತದೆ. ಆಗ ಇಂಜಿನ್ನಿಗೂ ಚಕ್ರಕ್ಕೂ ನಂಟು ಬಿಡುತ್ತದೆ. ಹೊಸ ಗೇರ್‌ಬಾಕ್ಸಿನ ನಾಲಿಗೆ ಹಳೆಯದಕ್ಕಿಂತ ನಾಲ್ಕು ಬೆರಳು ಕೆಳಗೆ, ಒಂದು ಗೇಣು ಹಿಂದೆ. ಹಳೇ ಸರಳು ಅಲ್ಲಿಗೆ ಎಟಕದು. ಡ್ರೈವ್‌ವೇನಲ್ಲಿ ರಿಪೇರಿ ಮಾಡಿದರೆ ಕಾಲೊನಿಯವರು ಬಾಯಿ ಮಾಡುತ್ತಾರೆಂದು ಗರಾಜಿನ ಬಾಗಿಲು ಮುಚ್ಚಿಕೊಂಡು, ಒಂದು ಫ್ಯಾನ್ ಇಟ್ಟುಕೊಂಡು, ಬೇಸಿಗೆಯೆಲ್ಲ ಅಣ್ಣ ತಂಗಿ ಬೆವರು ಸುರಿಸಿದೆವು. ಅವಳು ಅಡ್ಡದಂಡದ ತೋಳು ಬದಲಿಸಿದಳು, ಹೊಸ ಸರಳು ಮಾಡಿಸಿದಳು. ಅದು ಚಾಸಿಯ ಅಡ್ಡಪಟ್ಟಿಯ ಅಂಚಿನ ಪಕ್ಕದಲ್ಲೇ, ಕಾಗದ ತೂರುವಷ್ಟು ಸಂದಿಯಲ್ಲಿ ಹಾದುಹೋಗುತ್ತಿತ್ತು. ಪೆಡಲಿಗೂ ಒಂದು ಮರದ ದಿಮ್ಮಿ ಕಟ್ಟಿದಳು. ಅದು ಯಾಕೆಂದು ಕೇಳಿದ್ದಕ್ಕೆ "ಸುಮ್ನಿರು, ಹೇಳ್ತೀನಿ" ಎಂದಿದ್ದಳು.

ಐ-95 ಹೆದ್ದಾರಿಯಲ್ಲಿ ಶುಕ್ರವಾರದ ದಟ್ಟಣೆ ಸ್ಪ್ರಿಂಗ್‌ಫೀಲ್ಡಿನಿಂದಲೇ ಶುರುವಾಯಿತು. ನಿಲ್ಲು, ತೆವಳು, ನಿಲ್ಲು. ಫ್ರೆಡರಿಕ್ಸ್‌ಬರ್ಗ್ ದಾಟುವವರೆಗೆ ಶುಭಾ ಕ್ಲಚ್ ಒತ್ತಿದ್ದಕ್ಕೆ ಲೆಕ್ಕವಿಲ್ಲ. ಒಂದು ಸಲವೂ ಗಾಡಿ ಎಗರಲಿಲ್ಲ. "ಪರವಾಗಿಲ್ವೇ, ಚೆನ್ನಾಗೇ ಕೂತಿದೆ" ಎಂದು ನಾನೇ ಬೆನ್ನು ತಟ್ಟಿಕೊಂಡೆ. ಗರಾಜಿನಲ್ಲಿ ನಾನು ಟಾರ್ಚ್ ಹಿಡಿದಿದ್ದೆನಲ್ಲ.

ರಿಚ್‌ಮಂಡ್ ಕಳೆದು ಪೆಟ್ರೋಲಿಗೆ ನಿಂತೆವು. ಬಿಸಿಲು ಏರಿತ್ತು, ಗಾಳಿ ಮಾತ್ರ ಅಕ್ಟೋಬರಿನದು. ಅವಳು ಇಳಿದು ನಾಲ್ಕು ಹೆಜ್ಜೆ ಇಟ್ಟಳು, ಎಡಗಾಲು ಮರದ ಕೊರಡಿನ ಹಾಗೆ ನೆಲಕ್ಕೆ ಬೀಳುತ್ತಿತ್ತು. ಏನಾಯ್ತೇ ಎಂದು ಓಡಿದೆ. ಅವಳು ನಕ್ಕು, ದೊಗಲೆ ಪ್ಯಾಂಟಿನ ಕಾಲನ್ನು ಮೇಲೆತ್ತಿ ತೋರಿಸಿದಳು. ಮೊಣಕಾಲಿನ ಕೆಳಗಿನಿಂದ ಪಾದದವರೆಗೆ ಕಪ್ಪು ಪ್ಲಾಸ್ಟಿಕ್ಕಿನ ಕವಚ, ಅಡ್ಡಡ್ಡಕ್ಕೆ ಬಿಗಿದ ಪಟ್ಟಿಗಳು.

"ಏನೇ ಇದು?"

"ಪಾದ ಲಾಕ್ ಮಾಡ್ಕೊಂಡಿದೀನಿ. ಆಪರೇಷನ್ ಆದ್ಮೇಲೆ ಲೈಫ್‌ಲಾಂಗ್ ಹೀಗೇ ತಾನೇ ಇರೋದು? ಟೆಸ್ಟ್ ಮಾಡ್ತಿದೀನಿ."

"ಮನೆಯಿಂದ ಇಲ್ಲೀವರೆಗೂ ಇದನ್ನ ಹಾಕ್ಕೊಂಡೇ ಓಡಿಸಿದ್ಯಾ?"

"ಹೂಂ. ತೊಡೆಯಿಂದ ಒತ್ತೋದು, ಹರಡಿಂದ ಅಲ್ಲ. ಅದಕ್ಕೇ ಆ ದಿಮ್ಮಿ, ಅದಕ್ಕೇ ಆ ಉದ್ದದ ತೋಳು. ಕ್ಲಚ್ಚು ಗೇರ್‌ಬಾಕ್ಸಿಗೆ ಮಾತ್ರ ಅಡ್ಜಸ್ಟ್ ಮಾಡಿದ್ದು ಅಂದ್ಕೊಂಡ್ಯಾ? ನನ್ನ ಕಾಲಿಗೂ ಮಾಡಿದ್ದು ಕಣೋ."

ನಾನು ಪೆಟ್ರೋಲ್ ಪಂಪಿಗೆ ಒರಗಿ ನಿಂತುಬಿಟ್ಟೆ. ಎಡಗಡೆ ಟ್ರಕ್, ಬಲಗಡೆ ಟ್ರಕ್, ನಡುವೆ ಇವಳು ಕಟ್ಟಿಹಾಕಿದ ಕಾಲಿನಲ್ಲಿ ನನ್ನನ್ನು ನೂರಿಪ್ಪತ್ತು ಮೈಲಿ ಕರೆತಂದಿದ್ದಾಳೆ. ಹೇಳಿದ್ದರೆ ನಾನು ಹತ್ತುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಅಷ್ಟರಲ್ಲಿ ಇನ್ನೊಂದು ಬಾಂಬ್ ಹಾಕಿದಳು. "ಆಪರೇಷನ್‌ಗೆ ನಾನಿನ್ನೂ ಯೆಸ್ ಅಂದಿಲ್ಲ ಅಣ್ಣ."

"ಏನು? ಸೋಮವಾರ ಬೆಳಿಗ್ಗೆ ಅಂತ ಎಲ್ಲಾ ಫಿಕ್ಸ್ ಆಗಿದೆಯಲ್ಲೇ!"

"ಫಿಕ್ಸ್ ಮಾಡಿದೋರು ನೀವೆಲ್ಲ. ನಾನು ಆವತ್ತೇ ಹೋಗಿ ಹೇಳ್ತೀನಿ. ಸಾಫ್ಟ್‌ವೇರ್ ಆದ್ರೆ ರೋಲ್‌ಬ್ಯಾಕ್ ಮಾಡಿ ಹಳೇದಕ್ಕೇ ಹೋಗ್ಬೋದು. ಮೂಳೆಗೆ ಸ್ಕ್ರೂ ಹೊಡೆದ್ಮೇಲೆ ರೋಲ್‌ಬ್ಯಾಕ್ ಇದ್ಯಾ? ಟೆಸ್ಟ್ ಮಾಡದೆ ನಾನು ಏನನ್ನೂ ರಿಲೀಸ್ ಮಾಡಲ್ಲ."

ಅವಳು ಇಪ್ಪತ್ತು ವರ್ಷದಿಂದ ರೆಸ್ಟನ್ನಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ಪರೀಕ್ಷೆಯ ಮೂರು ಹಂತ ಮೊದಲೇ ಹಾಕಿಕೊಂಡಿದ್ದಳು. ಊರ ದಟ್ಟಣೆ, ಹೈವೇ, ಕೊನೆಗೆ ನಾರ್ತ್ ಕೆರೊಲಿನಾದ ಯುವಾರಿ ಕಾಡಿನ ಕಲ್ಲುದಾರಿ. ಲಾಕ್ ಮಾಡಿದ ಪಾದದಲ್ಲಿ ಆ ಏರು ಹತ್ತಿದರೆ ಸೋಮವಾರ ಆಪರೇಷನ್. ಹತ್ತದಿದ್ದರೆ ಅಲ್ಲಿಂದಲೇ ವಾಪಸ್ಸು, ಈ ನೋವಿನ ಕಾಲೇ ಸಾಕು. "ಅಲುಗೋ ಕಾಲಾದ್ರೂ ನನ್ನದು" ಎಂದಳು. ಸಿಟ್ಟಿಗೆ ನನ್ನ ಮೈ ಉರಿಯಿತು. ನಡುರಸ್ತೆಯಲ್ಲಿ ನಿಂತು ತಂಗಿಯನ್ನು ಬೈಯುವುದಕ್ಕೂ ಆಗದೆ, ಪುಳಿಯೋಗರೆಯ ಡಬ್ಬಿ ಬಿಚ್ಚಿ ನಿಂತಲ್ಲೇ ನಾಲ್ಕು ತುತ್ತು ನುಂಗಿದೆ.

ಪೀಟರ್ಸ್‌ಬರ್ಗಿನಲ್ಲಿ ಐ-85 ಹಿಡಿದ ಮೇಲೆ ಅವಳೇ ಗಾಡಿ ನಿಲ್ಲಿಸಿ ಕೀಲಿ ಕೊಟ್ಟಳು. "ಹೈವೇ ಟೆಸ್ಟೂ ಆಯ್ತು, ಇನ್ನು ಖಾಲಿ ಹೈವೇ. ಕ್ಲಚ್ಚಿಗೆ ಕೆಲಸ ಇಲ್ಲ. ನನ್ನ ಕಾಲು ಸ್ವಲ್ಪ ರೆಸ್ಟ್ ತಗೊಳ್ಳಲಿ, ನೀನು ಓಡಿಸು. ಬರುತ್ತಾ?"

ಬರುತ್ತಾ ಅಂತೆ! ಅಮೆರಿಕಕ್ಕೆ ಬರುವ ಮುಂಚೆ ಹತ್ತು ವರ್ಷ ಬೆಂಗಳೂರಿನಲ್ಲಿ ಗಾಡಿ ಓಡಿಸಿದವನು ನಾನು. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನಗಳ ಜಾತ್ರೆಯಲ್ಲಿ ಹಾಫ್ ಕ್ಲಚ್ಚಿನ ಮೇಲೆ ಕಾರನ್ನು ಒಂದೊಂದೇ ಅಂಗುಲ ಜರುಗಿಸಿ ಗೆದ್ದವನು. ಅದನ್ನೆಲ್ಲ ವಿಸ್ತಾರವಾಗಿ ಹೇಳುತ್ತ ಓಡಿಸಿದೆ. ಎಷ್ಟೋ ವರ್ಷದ ಮೇಲೆ ಕೈಗೆ ಗೇರ್ ಸಿಕ್ಕಿತ್ತು. ಎಡಗಾಲು ತಾನಾಗಿಯೇ ಪೆಡಲನ್ನು ಹುಡುಕಿಕೊಂಡು, ಹಳೇ ಸ್ನೇಹಿತನ ಹೆಗಲ ಮೇಲೆ ಕೈ ಹಾಕಿದ ಹಾಗೆ ಅದರ ಮೇಲೆ ಕೂತಿತು. ಎರಡೂ ಬದಿಗೆ ಪೈನ್ ಮರಗಳು, ಗಂಟೆಗೆ ಐವತ್ತೈದು ಮೈಲಿ, ಶುಭಾ ಕಾಲು ಚಾಚಿ ನಿದ್ದೆ. ವರ್ಜೀನಿಯಾ ಮುಗಿದು, ಡರಮ್ ದಾಟಿ, ಗ್ರೀನ್ಸ್‌ಬರೋದಲ್ಲಿ ಶುಭಾ ಎದ್ದು ಮತ್ತೆ ಸ್ಟೀರಿಂಗ್ ಹಿಡಿಯುವವರೆಗೆ ನಾನೇ ರಾಜ.

ಸಂಜೆ ಆಶ್‌ಬರೋದ ಒಂದು ಮೋಟೆಲ್ ಸೇರಿದೆವು. ಕೌಂಟರಿನಲ್ಲಿದ್ದ ಗುಜರಾತಿ ಹೆಂಗಸು ಜೀಪನ್ನು ನೋಡಿ, ಶುಭಾಳ ಕಾಲನ್ನು ನೋಡಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಿಂದಿಯಲ್ಲಿ "ಭಾಯಿಸಾಬ್, ಇವರನ್ನ ಯಾಕೆ ಓಡಿಸೋಕೆ ಬಿಟ್ರಿ?" ಎಂದು ಗದರಿದಳು. ಕೇಳಿದವರು ಯಾರು, ಬಿಟ್ಟವರು ಯಾರು! ನೆಲಮಹಡಿಯಲ್ಲೇ ರೂಮು ಕೊಟ್ಟು, ಕೇಳದೇ ಎರಡು ಲೋಟ ಶುಂಠಿ ಚಹಾ ಕಳಿಸಿದಳು.

ಶನಿವಾರ ಯುವಾರಿಯಲ್ಲಿ ಮುಂಜಾವಿನ ಮಂಜು ಇನ್ನೂ ಎದ್ದಿರಲಿಲ್ಲ. ಗೇಟಿನ ಹತ್ತಿರ ದಿನದ ಪಾಸು ತೆಗೆದುಕೊಂಡು ಕಾಡು ಹೊಕ್ಕೆವು. ಓಕ್ ಮರಗಳು ಹಳದಿಗೆ ತಿರುಗಿದ್ದವು, ನೆಲವೆಲ್ಲ ಕೆಂಪು ಮಣ್ಣು. ಆ ಬಣ್ಣ ನೋಡಿ ನನಗೆ ಒಂದು ಕ್ಷಣ ಚಾಮರಾಜನಗರದ ಕಡೆ ಬಂದಂತಾಯಿತು. ದಾರಿ ಎನ್ನುವುದು ಹೆಸರಿಗೆ. ಬುಟ್ಟಿ ಗಾತ್ರದ ಕಲ್ಲುಗಳನ್ನು ಯಾರೋ ಸುರಿದು ಹೋದ ಹಾಗಿತ್ತು. ಶುಭಾ ಸೀಟು ಹಿಂದಕ್ಕೆ ತಳ್ಳಿ, ಕವಚದ ಪಟ್ಟಿ ಇನ್ನೊಂದು ಸುತ್ತು ಬಿಗಿದು, ಮೊದಲ ಗೇರಿಗೆ ಹಾಕಿದಳು. ತುಟಿ ಕಚ್ಚಿಕೊಂಡು ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಜೀಪು ಹತ್ತಿಸಿದಳು. ಮೊದಲ ಏರು ಮುಗಿಯಿತು, ಎರಡನೆಯದೂ ಮುಗಿಯಿತು. ನಾನು ಮುಂದಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬಾಯಿಗೆ ಬಂದ ದೇವರ ಹೆಸರನ್ನೆಲ್ಲ ಹೇಳುತ್ತಿದ್ದೆ.

ಮೂರನೆಯ ಏರಿನ ನಡುವೆ ಒಂದು ಬಂಡೆಯ ಮುಂದೆ ಅವಳು ಕ್ಲಚ್ ಒತ್ತಿದಳು. ಕೆಳಗಿನಿಂದ 'ಠಣ್' ಎಂದಿತು. ಪೆಡಲ್ ಸತ್ತ ಹಾಗೆ ನೆಲಕ್ಕೆ ಬಿತ್ತು. ಜೀಪು ಒಮ್ಮೆ ಮುಗ್ಗರಿಸಿ, ಇಂಜಿನ್ ನಿಂತು, ಇಳಿಜಾರಿನಲ್ಲಿ ಮೂಗು ಮೇಲೆ ಮಾಡಿಕೊಂಡು ನಿಂತುಬಿಟ್ಟಿತು. ಅಯ್ಯೋ ದೇವರೇ ಎಂದು ನಾನು ಕೂಗಿದ್ದು ಇಡೀ ಕಾಡಿಗೆ ಕೇಳಿಸಿರಬೇಕು. ಗೇರಿನಲ್ಲಿದ್ದುದರಿಂದ ಹಿಂದಕ್ಕೆ ಉರುಳಲಿಲ್ಲ. ಚಕ್ರಗಳ ಹಿಂದೆ ಕಲ್ಲು ಕೊಟ್ಟು ಬಂದೆ.

ಶುಭಾ ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ಹಾಗೇ ಕೂತಿದ್ದಳು.

"ಎಷ್ಟು ಜೋರಾಗಿ ಒತ್ತಿದೆ ಅಂತ ನಂಗೆ ಗೊತ್ತೇ ಆಗ್ಲಿಲ್ಲ ಅಣ್ಣ. ಪಾದದಲ್ಲಿ ಏನೂ ತಿಳಿಯಲ್ಲ. ತೊಡೆಯಿಂದ ದಬಾಯಿಸಿದೆ ಅನ್ಸತ್ತೆ, ಸರಳು ಕಿತ್ಕೊಂಡು ಹೋಯ್ತು."

"ಇರ್ಲಿ ಬಿಡೆ, ಕಬ್ಬಿಣ ತಾನೇ..."

"ಕಬ್ಬಿಣದ ಮಾತಲ್ಲ. ಟೆಸ್ಟ್ ಫೇಲ್. ಸೋಮವಾರ ಕ್ಯಾನ್ಸಲ್. ಟೋ ಮಾಡಿಸಿ ವಾಪಸ್ ಹೋಗೋಣ."

ಇವಳು ಹೇಳಿದರೆ ಹೇಳಿದ್ದೇ. ಇನ್ನು ಹತ್ತು ವರ್ಷ, ಇಪ್ಪತ್ತು ವರ್ಷ, ಅದೇ ಮೆಟ್ಟಿಲನ್ನು ಕೂತುಕೊಂಡು ಇಳಿಯುವುದೇ? ಗೋಗರೆದೆ, ಬೈದೆ, ಅಮ್ಮನ ಹೆಸರು ತೆಗೆದೆ. ಅವಳು ಕಣ್ಣು ಒರೆಸಿಕೊಂಡು, "ಮುರಿದದ್ದನ್ನ ನೋಡದೆ, ತಪ್ಪೆಲ್ಲಿ ಅಂತ ತಿಳಿಯದೆ ಬಗ್ ಕ್ಲೋಸ್ ಮಾಡಲ್ಲ. ಟಾರ್ಚ್ ಕೊಡು" ಎಂದು ಕವಚದ ಕಾಲನ್ನು ಎಳೆದುಕೊಂಡು ಜೀಪಿನ ಕೆಳಗೆ ನುಸುಳಿದಳು.

ಆಮೇಲೆ ದನಿ ಬಂತು. "ಅಣ್ಣ, ಇದು ಕಿತ್ಕೊಂಡಿದ್ದಲ್ಲ. ಸವೆದು ಹೋಗಿರೋದು. ಗರಗಸದಲ್ಲಿ ಕುಯ್ದ ಹಾಗಿದೆ. ಅಡ್ಡಪಟ್ಟಿಯ ಅಂಚಿಗೆ ಉಜ್ಜಿ ಉಜ್ಜಿ ತೆಳ್ಳಗಾಗಿ, ಈಗ ತುಂಡಾಗಿದೆ."

"ನೀನು ಒತ್ತಿದಾಗೆಲ್ಲ ಉಜ್ಜಿರತ್ತೆ."

"ಅದೇ ನೋಡ್ಬೇಕು. ಸೀಟಲ್ಲಿ ಕೂತ್ಕೊಂಡು ಪೆಡಲ್ ಪೂರ್ತಿ ಒತ್ತು."

ಕೂತೆ, ಒತ್ತಿದೆ. ಪೆಡಲಿನ ಕಡೆಯ ಅರ್ಧ ಸರಳು ಇನ್ನೂ ಅಡ್ಡದಂಡಕ್ಕೆ ಸಿಕ್ಕಿಕೊಂಡಿತ್ತು. ಇನ್ನರ್ಧವನ್ನು ಅವಳು ಕೈಯಲ್ಲಿ ಅದಕ್ಕೆ ಜೋಡಿಸಿ ಹಿಡಿದಿದ್ದಳು.

"ತಾಗ್ತಿಲ್ಲ. ಈಗ ಕಾಲು ಪೂರ್ತಿ ತೆಗಿ."

ತೆಗೆದೆ.

"ಈಗಲೂ ತಾಗ್ತಿಲ್ಲ. ಮತ್ತೆಲ್ಲಿ ಉಜ್ಜಿತು? ನಿಧಾನವಾಗಿ ಒತ್ತುತ್ತಾ ಬಾ. ಒಂಚೂರು. ಇನ್ನೊಂಚೂರು... ಸ್ಟಾಪ್! ಅಲ್ಲೇ! ಗಾಯ ಕರೆಕ್ಟಾಗಿ ಅಂಚಿನ ಮೇಲೆ ಕೂತಿದೆ. ಎಷ್ಟು ಒತ್ತಿದೀಯ ಈಗ?"

"ಒತ್ತಿಲ್ಲ ಕಣೇ. ಸುಮ್ನೆ ಕಾಲಿಟ್ಟಿದೀನಿ ಅಷ್ಟೇ."

ನಾನು ನನ್ನ ಎಡಗಾಲನ್ನು ನೋಡಿದೆ. ಅದು ಪೆಡಲಿನ ಮೇಲೆ ಆರಾಮಾಗಿ, ಮನೆಯ ಸೋಫಾದಲ್ಲಿ ಕೂತ ಹಾಗೆ ಕೂತಿತ್ತು. ಹಿಂದಿನ ದಿನ ಪೀಟರ್ಸ್‌ಬರ್ಗಿನಿಂದ ಗ್ರೀನ್ಸ್‌ಬರೋವರೆಗೆ ಹೇಗೆ ಕೂತಿತ್ತೋ ಹಾಗೆಯೇ.

"ಅಣ್ಣಾ!" ಎಂದು ಕೆಳಗಿನಿಂದ ಬಂದ ಕೂಗಿಗೆ ಮರದ ಹಕ್ಕಿಗಳು ಎದ್ದವು. "ನಿನ್ನೆ ಇಡೀ ಹೈವೇಲಿ ಕ್ಲಚ್ಚಿನ ಮೇಲೆ ಕಾಲಿಟ್ಕೊಂಡೇ ಓಡಿಸಿದ್ಯಾ?"

ಸುಳ್ಳು ಹೇಳಲು ಬಾಯಿ ತೆರೆದೆ. ನಿಜವೇ ಬಂತು. "ಅಭ್ಯಾಸ ಕಣೇ... ಬೆಂಗಳೂರಲ್ಲಿ ಎಲ್ರೂ ಹಾಗೇ ಅಲ್ವಾ? ಯಾವಾಗ ಯಾರು ಅಡ್ಡ ಬರ್ತಾರೋ ಅಂತ ರೆಡಿ ಇರ್ಬೇಕಲ್ಲ."

"ಐ-85ರಲ್ಲಿ ಯಾರು ಅಡ್ಡ ಬರ್ತಾರೋ? ಎಮ್ಮೆನಾ?"

ಮುಖಕ್ಕೆ ಮಣ್ಣು ಬಳಿದುಕೊಂಡು ಹೊರಗೆ ಬಂದವಳು ನನ್ನನ್ನು ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಚಕ್ರಕ್ಕೆ ಒರಗಿ ಕೂತು ನಗತೊಡಗಿದಳು. ನಗುತ್ತ ನಗುತ್ತ ಅಳು ಬಂತು, ಅಳುತ್ತಲೇ ಮತ್ತೆ ನಕ್ಕಳು. "ನನ್ನ ಕಾಲಲ್ಲ. ಕಟ್ಟಿಹಾಕಿದ ಕಾಲು ಒಂದು ಗೆರೆನೂ ಮಾಡಿಲ್ಲ. ನಿನ್ನ ಒಳ್ಳೇ ಕಾಲು ಕಣೋ, ನಿನ್ನ ಒಳ್ಳೇ ಕಾಲು!" ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಇನ್ನು ಸ್ವಲ್ಪದರಲ್ಲಿ ನನ್ನ ಒಂದು ಚಾಳಿಗೆ ತಂಗಿಯ ಕಾಲಿನ ಹಣೆಬರಹವೇ ಬರೆದುಹೋಗುತ್ತಿತ್ತು. ನಿಜ ಹೇಳುತ್ತೇನೆ, ಆ ಗಾಬರಿ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಆದರೂ ಪರೀಕ್ಷೆ ಮುಗಿದಿರಲಿಲ್ಲ. ಏರು ಹತ್ತಬೇಕಿತ್ತು, ಸರಳು ತುಂಡಾಗಿತ್ತು. ಒಂದಡಿ ಉದ್ದದ, ಎರಡೂ ತುದಿಗೆ ಥ್ರೆಡ್ ಇರುವ ಗಟ್ಟಿ ಸರಳು ಬೇಕು. ಟೂಲ್ ಬಾಕ್ಸ್ ಪೂರ್ತಿ ಕೆದಕಿದಳು, ಇಲ್ಲ. ಕೊನೆಗೆ ಅವಳ ಕಣ್ಣು ಹಿಂದಿನ ಸೀಟಿನ ಟವಲ್ ಗಂಟಿನ ಮೇಲೆ ನಿಂತಿತು.

"ಬೇಡ" ಎಂದೆ.

"ಸ್ಟೀಲ್ ಕಡ್ಡಿ ಅಣ್ಣ. ಮೇಲೂ ನಟ್ಟು, ಕೆಳಗೂ ನಟ್ಟು."

"ಶುಭಾ, ಲತಾ ನನ್ನ ಸಾಯಿಸ್ತಾಳೆ. ಆಂಟಿ ಉಳಿದದ್ದನ್ನ ಸಾಯಿಸ್ತಾರೆ."

ಅವಳು ಆಗಲೇ ಬಿಚ್ಚುತ್ತಿದ್ದಳು. ಇಡ್ಲಿ ತಟ್ಟೆಗಳು ಬಾನೆಟ್ಟಿನ ಮೇಲೆ ಸಾಲಾಗಿ ಹೊಳೆಯುತ್ತ ಕೂತವು. ನಡುವಿನ ಕಡ್ಡಿ ಅಡ್ಡದಂಡದ ತೂತಿಗೂ, ಗೇರ್‌ಬಾಕ್ಸಿನ ನಾಲಿಗೆಗೂ ಅದಕ್ಕೆಂದೇ ಮಾಡಿಸಿದ ಹಾಗೆ ಕೂತಿತು. ಮುರಿದ ಸರಳಿಗಿಂತ ತೆಳ್ಳಗಿದ್ದುದರಿಂದ ಅಂಚಿಗೆ ತಾಗುವ ಮಾತೂ ಇರಲಿಲ್ಲ. ಇಡ್ಲಿ ತೆಗೆಯುವಾಗ ಹಿಡಿದೆತ್ತುವ ಮೇಲಿನ ಗುಂಡಿಯನ್ನು ತಿರುಗಿಸಿ ಅವಳು ಕ್ಲಚ್ಚಿನ ಬಿಗಿ ಸರಿಮಾಡಿದಳು. ಅಷ್ಟರಲ್ಲಿ ಹಿಂದಿನಿಂದ ಒಂದು ದೊಡ್ಡ ಪಿಕಪ್ಪಿನಲ್ಲಿ ಬಂದ ಇಬ್ಬರು ಗಡ್ಡದ ಹುಡುಗರು ಇಳಿದು ತಟ್ಟೆಗಳನ್ನು ಸುತ್ತ ಬಳಸಿ ನೋಡಿದರು. "ಮೊಟ್ಟೆ ಬೇಯಿಸೋದಾ ಮ್ಯಾಮ್?" ಎಂದು ಒಬ್ಬ ತನ್ನ ರಾಗದ ಇಂಗ್ಲಿಷಿನಲ್ಲಿ ಕೇಳಿದ. "ಅಲ್ಲ, ಇದು ಗೇರ್‌ಬಾಕ್ಸಿಂದು" ಎಂದು ಶುಭಾ ಗಂಭೀರವಾಗಿ ಹೇಳಿದಳು. ಅವನು ಅಷ್ಟೇ ಗಂಭೀರವಾಗಿ ತಲೆಯಾಡಿಸಿ, ನಾವು ಹತ್ತುವವರೆಗೂ ಕಾಯುತ್ತೇನೆಂದು ನಿಂತ.

ಅವಳು ನನ್ನನ್ನು ಹತ್ತಗೊಡಲಿಲ್ಲ. "ನೀನು ನಡ್ಕೊಂಡು ಬಾ" ಎಂದಳು. ಕವಚ ಇನ್ನೊಮ್ಮೆ ಬಿಗಿದು, ಸ್ಟಾರ್ಟ್ ಮಾಡಿ, ಒತ್ತಿದಳು. ಪೆಡಲ್ ಹೋಯಿತು, ಬಂತು. ಬಂಡೆಯ ಮೇಲೆ ಮುಂದಿನ ಚಕ್ರ ಏರಿತು, ಇಳಿಯಿತು. ಹಿಂದಿನದೂ ಏರಿತು. ಒಂದು ಜರ್ಕ್ ಇಲ್ಲ, ಒಂದು ಸಲವೂ ಇಂಜಿನ್ ನಿಲ್ಲಲಿಲ್ಲ. ನಾನು ಕೆಂಪು ಮಣ್ಣಿನಲ್ಲಿ ಏದುಸಿರು ಬಿಡುತ್ತ ಮೇಲೆ ತಲುಪುವಾಗ ಅವಳು ಇಂಜಿನ್ ಆರಿಸಿ, ಕವಚ ಬಿಚ್ಚಿ, ಊದಿಕೊಂಡ ಹರಡನ್ನು ಎರಡೂ ಕೈಯಲ್ಲಿ ನೀವಿಕೊಳ್ಳುತ್ತಿದ್ದಳು.

"ಪಾಸಾ?" ಎಂದೆ.

"ಪಾಸ್" ಎಂದಳು. ಆಮೇಲೆ ತುಂಬ ಮೆತ್ತಗೆ, "ತುಂಬಾ ನೋಯ್ತಿದೆ ಅಣ್ಣ. ಬೇಗ ಸೋಮವಾರ ಬರಲಿ" ಎಂದಳು.

ಮುಂದಿನದು ಇಳಿಜಾರಿನ ಹಾಗೆ ಸಾಗಿತು. ಶಾರ್ಲಟ್ ದಾಟಿ ಸೌತ್ ಕೆರೊಲಿನಾ ಹೊಕ್ಕ ಮೇಲೆ ರಸ್ತೆಬದಿಯಲ್ಲಿ ಒಬ್ಬ ಮುದುಕ ದೊಡ್ಡ ಹಂಡೆಯಲ್ಲಿ ಬೇಯಿಸಿದ ಕಡಲೇಕಾಯಿ ಮಾರುತ್ತಿದ್ದ. ಸಿಪ್ಪೆಸಮೇತ ಉಪ್ಪುನೀರಿನಲ್ಲಿ ಬೆಂದ ಬಿಸಿ ಕಡಲೇಕಾಯಿ! ಇಪ್ಪತ್ತೆರಡು ವರ್ಷ ಈ ದೇಶದಲ್ಲಿದ್ದೂ ಇದು ಗೊತ್ತಿರಲಿಲ್ಲವಲ್ಲ ಎಂದು ದಂಗಾದೆ. ಎರಡು 'ಪೊಟ್ಟಣ' ಕೊಂಡು, ಬಸವನಗುಡಿಯ ಕಡಲೇಕಾಯಿ ಪರಿಷೆಯಲ್ಲಿ ನಿಂತ ಹಾಗೆ ನಿಂತು ಸಿಪ್ಪೆ ಉಗಿದೆವು. ಶನಿವಾರ ರಾತ್ರಿ ಸ್ಪಾರ್ಟನ್‌ಬರ್ಗಿನ ಹತ್ತಿರ ಉಳಿದುಕೊಂಡು, ಭಾನುವಾರ ಹೊರಟೆವು. ಅಲ್ಲಿಂದ ಜಾನ್ಸ್ ಕ್ರೀಕಿನವರೆಗೆ ನನಗೆ ಕೀಲಿ ಸಿಗಲಿಲ್ಲ, ಕೇಳುವ ಮುಖವೂ ನನಗಿರಲಿಲ್ಲ.

ಕಮಲಾ ಆಂಟಿ ಬಾಗಿಲಲ್ಲೇ ಕಾದಿದ್ದರು. ಎಂಬತ್ತರ ಹತ್ತಿರ ವಯಸ್ಸು, ಬೆನ್ನು ಇನ್ನೂ ನೆಟ್ಟಗೆ. ಶುಭಾಳನ್ನು ಅಪ್ಪಿಕೊಂಡು, ನನ್ನ ಕೈಯಿಂದ ಗಂಟು ತೆಗೆದುಕೊಂಡು, "ಅಬ್ಬಾ, ಕರೆಕ್ಟ್ ಟೈಮಿಗೆ ಬಂತು. ಹಿಟ್ಟು ಉಬ್ಬಿ ಪಾತ್ರೆ ದಾಟ್ತಿದೆ" ಎಂದು ಒಳಗೆ ಹೋದರು. ನಾವಿಬ್ಬರೂ ಹಾಲಿನಲ್ಲಿ ಕಳ್ಳರ ಹಾಗೆ ಕೂತೆವು.

"ಏನೋ ಪ್ರಸನ್ನ, ತಟ್ಟೆ ಎಲ್ಲಾ ಇದೆ. ಇದರ ಕಡ್ಡಿ ಎಲ್ಲೋ?"

ಹೇಳಿದೆವು. ಅರ್ಧ ನಾನು, ಅರ್ಧ ಅವಳು. ಆಂಟಿಯ ಬಾಯಿ ತೆರೆದದ್ದು ಮುಚ್ಚಲೇ ಇಲ್ಲ. ಕೊನೆಗೆ ಹೊರಗೆ ಹೋಗಿ, ಸೆರಗು ಸಿಕ್ಕಿಸಿಕೊಂಡು ಬಗ್ಗಿ ಜೀಪಿನ ಕೆಳಗೆ ನೋಡಿದರು. ಅಲ್ಲಿ ಇಡ್ಲಿ ಸ್ಟ್ಯಾಂಡಿನ ಗುಂಡಿ ಮಣ್ಣು ಮೆತ್ತಿಕೊಂಡು ನೇತಾಡುತ್ತಿತ್ತು. "ಐವತ್ತು ವರ್ಷ ಪ್ರಾಕ್ಟೀಸ್ ಮಾಡಿದೀನಿ" ಎಂದರು, "ಆಪರೇಷನ್‌ಗೆ ಮುಂಚೆ ಬ್ಲಡ್ ಟೆಸ್ಟ್ ಮಾಡಿಸ್ಕೊಂಡು ಬರೋರನ್ನ ನೋಡಿದೀನಿ. ಇದನ್ನ ನೋಡಿರ್ಲಿಲ್ಲ." ಆ ದಿನ ಇಡ್ಲಿ ಬೆಂದದ್ದು ಸ್ಟೀಲ್ ಬಟ್ಟಲುಗಳಲ್ಲಿ. ನಾನು ಎಂಟು ತಿಂದೆ. ಬೈಗುಳವನ್ನೂ ಅಷ್ಟೇ ಧಾರಾಳವಾಗಿ ತಿಂದೆ.

ಸೋಮವಾರ ಸರ್ಜನ್ ಕೊನೆಯ ಸಲ ಕೇಳಿದರು, ಪಾದ ಇನ್ನು ಮಡಚುವುದಿಲ್ಲ, ತಿಳಿದಿದೆಯಾ ಎಂದು. "ತಿಳಿದಿದೆ. ಟೆಸ್ಟ್ ಆಗಿದೆ" ಎಂದಳು ಶುಭಾ. ಒಳಗೆ ಹೋಗುವಾಗ ನನ್ನತ್ತ ತಿರುಗಿ, "ಗಾಡಿ ಮುಟ್ಟಬೇಡ" ಎಂದಳು. ನಾನು ವಿಮಾನದಲ್ಲಿ ಒಬ್ಬನೇ ಹರ್ನ್‌ಡನ್ನಿಗೆ ಮರಳಿದೆ. ಜೀಪು ಆಂಟಿಯ ಗರಾಜಿನಲ್ಲಿ ಚಳಿಗಾಲ ಕಳೆಯಿತು.

ಮಾರ್ಚಿನಲ್ಲಿ ಅವಳ ಫೋನು ಬಂತು. ಹೋದೆ. ಶುಭಾ ಕೋಲಿಲ್ಲದೆ ನಡೆದು ಬಂದು ಡ್ರೈವರ್ ಸೀಟಿನಲ್ಲಿ ಕೂತಳು. ಈಗ ಕವಚವಿಲ್ಲ, ಒಳಗೇ ಸ್ಕ್ರೂಗಳಿದ್ದವು. ಆಂಟಿ ಹೊಸ ಸರಳು ಮಾಡಿಸಲು ಬಿಟ್ಟಿರಲಿಲ್ಲ. ಆ ಇಡ್ಲಿ ಕಡ್ಡಿಯೇ ಇರಲಿ, ನಾನು ಬಟ್ಟಲಿಗೇ ಒಗ್ಗಿದ್ದೇನೆ ಎಂದಿದ್ದರಂತೆ. ನಾನು ಪಕ್ಕದಲ್ಲಿ ಹತ್ತಿ ಕಾಲು ಕೆಳಗೆ ಬಿಟ್ಟೆ.

"ಮೇಲೆ" ಎಂದಳು.

"ಅಲ್ವೇ, ಈ ಕಡೆ ಪೆಡಲ್ಲೇ ಇಲ್ವಲ್ಲೇ!"

"ನಿನ್ನ ಕಾಲನ್ನ ನಾನು ನಂಬಲ್ಲ. ಮೇಲೆ ಇಟ್ಕೋ."

ಚಕ್ಕಳಮಕ್ಕಳ ಹಾಕಿ ಕೂತೆ. ಜಾರ್ಜಿಯಾ, ಎರಡು ಕೆರೊಲಿನಾ, ವರ್ಜೀನಿಯಾ, ಪಂಕ್ತಿಗೆ ಕೂತವನ ಹಾಗೆ ಕೂತು ಬಂದೆ. ಊಟಕ್ಕೆ, ರಾತ್ರಿ ತಂಗುವುದಕ್ಕೆ ಇಳಿದದ್ದು ಬಿಟ್ಟರೆ ಅವಳು ಬಿಡಲಿಲ್ಲ. ಹರ್ನ್‌ಡನ್ನಿನ ನಮ್ಮ ಬೀದಿಯಲ್ಲಿ ಚೆರ್ರಿ ಮರಗಳು ಹೂ ಬಿಟ್ಟಿದ್ದವು, ಎದುರು ಮನೆಗಳ ಪರದೆಗಳು ಮತ್ತೆ ಸರಿದವು. ಇಂಜಿನ್ ನಿಂತಿತು. ಇಳಿಯಲು ನೋಡಿದರೆ ನನ್ನ ಎಡಗಾಲು ಮರಗಟ್ಟಿ, ನನ್ನದೇ ಅಲ್ಲವೆಂಬಂತೆ ಸೀಟಿನ ಮೇಲೆ ಬಿದ್ದಿತ್ತು. ಎಷ್ಟು ಎಳೆದರೂ ಅಲುಗಲಿಲ್ಲ.

ಶುಭಾ ಇಳಿದಳು. ಬಾನೆಟ್ಟಿನ ಮೇಲೆ ಕೈಯಾಡಿಸುತ್ತ, ಮುಖ ಒಮ್ಮೆಯೂ ಕಿವುಚದೆ ಜೀಪಿನ ಸುತ್ತ ನಡೆದು ಬಂದು ನನ್ನ ಕಡೆಯ ಬಾಗಿಲು ತೆರೆದಳು.

"ಕೈ ಕೊಡು ಅಣ್ಣ" ಎಂದಳು, "ನಿಧಾನವಾಗಿ ಇಳಿ."